ಎಡಗೈಗೂ ಪಾಠ ಬೇಕು

ಈಚಿನ ಕೆಲವು ವರ್ಷಗಳಿಂದ ನಮ್ಮ ಭಾಗದ ಮನೆಗಳಲ್ಲಿ ಒಂದು ಹೊಸ ವಾದ್ಯ ಕಾಣಿಸಿಕೊಳ್ಳುತ್ತಿದೆ. ವಿದ್ಯುತ್ತಿನಿಂದ ನುಡಿಯುವ, ಪಿಯಾನೋವಿನಂತೆಯೇ ಬಿಳಿ ಮತ್ತು ಕರಿ ಮನೆಗಳುಳ್ಳ ಈ ವಾದ್ಯವನ್ನು ಎಲ್ಲರೂ ಕೀಬೋರ್ಡ್ ಎನ್ನುತ್ತಾರೆ. ಮಗುವಿನ ಹುಟ್ಟುಹಬ್ಬಕ್ಕೋ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದ ಸಂತೋಷಕ್ಕೋ ತಂದೆತಾಯಿಗಳು ಅದನ್ನು ಹೊಸೂರಿನಿಂದಲೋ ಬೆಂಗಳೂರಿನಿಂದಲೋ ಕೊಂಡು ತರುತ್ತಾರೆ. ಮೊದಲ ವಾರ ಮನೆಯೆಲ್ಲ ಸಂಭ್ರಮ. ಎರಡನೆಯ ತಿಂಗಳಿಗೆ ವಾದ್ಯ ಬೀರುವಿನ ಮೇಲೇರುತ್ತದೆ. ಅದರ ಮೇಲೊಂದು ಹಳೆಯ ಬಟ್ಟೆ ಬೀಳುತ್ತದೆ. "ನಮ್ಮ ಹುಡುಗನಿಗೆ ಸಂಗೀತ ಹತ್ತುವುದಿಲ್ಲ, ಸಾರ್" ಎಂದು ಪೋಷಕರು ಹೇಳುತ್ತಾರೆ. ಹುಡುಗನಿಗೆ ಹತ್ತಲಿಲ್ಲವೋ, ಹತ್ತುವಂತೆ ಕಲಿಸಲಿಲ್ಲವೋ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಕನ್ನಡ ಪಾಠ ಹೇಳುವವರಿಗೆ ಪಿಯಾನೋವಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಕಲಿಕೆ ಎಂಬುದು ಎಲ್ಲ ಕಡೆಯೂ ಒಂದೇ. ಕಾಗುಣಿತ ತಿದ್ದುವ ಮಗುವಿಗೂ ಸ್ವರ ತಿದ್ದುವ ಮಗುವಿಗೂ ಎದುರಾಗುವ ತೊಡಕುಗಳು ಒಂದೇ ಬಗೆಯವು. ಅಲ್ಲದೆ ಪಿಯಾನೋ ವಾದನದಲ್ಲಿ ನಮ್ಮ ಮಕ್ಕಳ ಬಾಳಿಗೆ ಬಹು ಹತ್ತಿರವಾದ ಒಂದು ಸಂಗತಿ ಅಡಗಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಪಿಯಾನೋ ಎಂದೊಡನೆ ಅದು ಏರ್ಕಾಡಿನ ಬೆಟ್ಟದ ಮೇಲಿನ ಇಂಗ್ಲಿಷ್ ಶಾಲೆಗಳ ವಸ್ತು, ನಮ್ಮಂಥವರದಲ್ಲ ಎಂಬ ಭಾವನೆ ಹಲವರಲ್ಲಿದೆ. ಈ ವಾದ್ಯ ಹುಟ್ಟಿದ್ದು ಇಟಲಿಯಲ್ಲಿ ಎಂಬುದು ನಿಜ. ಸುಮಾರು 1700ರಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬ ಕುಶಲಕರ್ಮಿ ಇದನ್ನು ನಿರ್ಮಿಸಿದ. ಅದಕ್ಕೆ ಮೊದಲಿದ್ದ ಹಾರ್ಪ್ಸಿಕಾರ್ಡ್ ಎಂಬ ವಾದ್ಯದಲ್ಲಿ ಮನೆಯನ್ನು ಒತ್ತಿದರೆ ಒಳಗಿನ ತಂತಿಯನ್ನು ಒಂದು ಮುಳ್ಳು ಮೀಟುತ್ತಿತ್ತು. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ನಾದ ಹೆಚ್ಚುಕಡಿಮೆ ಒಂದೇ. ಕ್ರಿಸ್ತೊಫೊರಿ ಮುಳ್ಳಿನ ಬದಲು ಪುಟ್ಟ ಸುತ್ತಿಗೆಗಳನ್ನಿಟ್ಟ. ಬೆರಳು ಮೆಲ್ಲಗೆ ಬಿದ್ದರೆ ಸುತ್ತಿಗೆಯೂ ಮೆಲ್ಲಗೆ ಬಡಿಯಿತು. ಬೆರಳು ಬಿರುಸಾದರೆ ನಾದವೂ ಬಿರುಸಾಯಿತು. 'ಪಿಯಾನೋಫೋರ್ಟೆ' ಎಂಬ ಪೂರ್ಣ ಹೆಸರಿನ ಅರ್ಥವೇ ಮೆಲು-ಬಿರುಸು ಎಂದು. ಇಂದಿನ ಪಿಯಾನೋವಿನಲ್ಲಿ 52 ಬಿಳಿ, 36 ಕರಿ, ಒಟ್ಟು 88 ಮನೆಗಳಿವೆ.

ಅದರ ಬಡ ತಮ್ಮ ನಮ್ಮೆಲ್ಲರಿಗೂ ಪರಿಚಿತವಾದ ಹಾರ್ಮೋನಿಯಂ. ಯುರೋಪಿನಿಂದ ಬಂದು, ಕಲ್ಕತ್ತೆಯಲ್ಲಿ ಕೈಯಿಂದ ತಿದಿ ಒತ್ತುವ ಪೆಟ್ಟಿಗೆಯ ರೂಪ ತಾಳಿ, ಕಂಪನಿ ನಾಟಕಗಳ ಮೂಲಕ ಹಳ್ಳಿ ಹಳ್ಳಿಯನ್ನೂ ಸೇರಿತು. ನಮ್ಮ ಕಡೆ ಪೌರಾಣಿಕ ನಾಟಕ ಕಲಿಸುವ ಮೇಷ್ಟ್ರು ಎಂದರೆ ಹಾರ್ಮೋನಿಯಂ ಮೇಷ್ಟ್ರೇ. ಅದರಲ್ಲಿ ಗಮಕ ನುಡಿಯದು ಎಂಬ ಆಕ್ಷೇಪದಿಂದ 1940ರಲ್ಲಿ ಆಕಾಶವಾಣಿಯೇ ಈ ವಾದ್ಯವನ್ನು ಹೊರಗಿಟ್ಟಿತ್ತು. ಮೂರು ದಶಕಗಳ ನಂತರ, 1971ರಲ್ಲಿ ಆ ನಿಷೇಧ ಸಡಿಲವಾಯಿತು. ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ವೀಣೆಯ ತಂತಿಯನ್ನು ಎಳೆದು ಸ್ವರವನ್ನು ತೂಗಬಹುದು. ಪಿಯಾನೋ, ಹಾರ್ಮೋನಿಯಂಗಳಲ್ಲಿ ಒಂದು ಮನೆಗೂ ಮುಂದಿನ ಮನೆಗೂ ನಡುವೆ ದಾರಿಯಿಲ್ಲ. ಆದರೂ ಮೊದಲ ಪಾಠ ಕಲಿಯುವ ಮಗುವಿಗೆ ಇದೊಂದು ಅನುಕೂಲವೇ ಸರಿ. ಸ್ವರ ಎಲ್ಲಿದೆಯೆಂದು ಕಣ್ಣಿಗೇ ಕಾಣುತ್ತದೆ, ಒತ್ತಿದ ಕೂಡಲೇ ಶುದ್ಧವಾಗಿ ಕೇಳುತ್ತದೆ.

ಕನ್ನಡಿಗರಿಗೂ ಪಿಯಾನೋವಿಗೂ ನಂಟು ಹೊಸದೇನಲ್ಲ. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ವೀಣೆ ಶೇಷಣ್ಣನವರು (1852–1926) ಪಿಯಾನೋವನ್ನೂ ನುಡಿಸಬಲ್ಲವರಾಗಿದ್ದರು. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರು (1919–1974) ತರುಣರಾಗಿದ್ದಾಗ ಪಿಯಾನೋವಾದಕರಾಗಬೇಕೆಂದೇ ಹಂಬಲಿಸಿದವರು. 1940ರಲ್ಲಿ ಪಟ್ಟವೇರಬೇಕಾಗಿ ಬಂದು ಆ ಹಂಬಲ ಹಿಂದೆ ಸರಿಯಿತು, ಅಭ್ಯಾಸ ನಿಲ್ಲಲಿಲ್ಲ. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಸದಸ್ಯತ್ವ ನೀಡಿತು. ರಷ್ಯದ ಪಿಯಾನೋ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಬಡತನದಿಂದ ಬಳಲುತ್ತಿದ್ದಾಗ ಆತನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಇವರೇ. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಇಷ್ಟೆಲ್ಲ ಪಾಶ್ಚಾತ್ಯ ಸಂಗೀತದಲ್ಲಿ ಮುಳುಗಿದ್ದವರು ಬಳಿಕ ವೀಣೆಯನ್ನೂ ಕರ್ನಾಟಕ ಸಂಗೀತವನ್ನೂ ಶಿಷ್ಯಭಾವದಿಂದ ಅಭ್ಯಸಿಸಿ 94 ಕೃತಿಗಳನ್ನು ರಚಿಸಿದರು. ಒಂದು ವಿದ್ಯೆ ಇನ್ನೊಂದನ್ನು ಕೆಡಿಸಲಿಲ್ಲ. ಇನ್ನೂ ಒಂದು ಸ್ವಾರಸ್ಯವಿದೆ. ಒಡೆಯರು 1964ರಿಂದ 1966ರವರೆಗೆ ಮದ್ರಾಸ್ ರಾಜ್ಯದ ರಾಜ್ಯಪಾಲರಾಗಿದ್ದರು. ಸೇಲಂ ಜಿಲ್ಲೆಯನ್ನು ಒಡೆದು ಧರ್ಮಪುರಿ ಜಿಲ್ಲೆಯನ್ನು ರಚಿಸಿದ್ದು 1965ರ ಅಕ್ಟೋಬರ್ 2ರಂದು. 2004ರಲ್ಲಿ ಆ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಹೊಸೂರು, ಡೆಂಕಣಿಕೋಟೆಗಳ ನಾವು ಧರ್ಮಪುರಿಯವರಾದ ಆಸುಪಾಸಿನ ವರ್ಷಗಳಲ್ಲಿ ಈ ರಾಜ್ಯದ ರಾಜ್ಯಪಾಲರು ಪಿಯಾನೋ ಬಲ್ಲ ಒಬ್ಬ ಕನ್ನಡಿಗರಾಗಿದ್ದರು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮಕ್ಕಳು ಎರಡನೆಯ ತಿಂಗಳಲ್ಲಿ ಸೋಲುವುದು ಎಲ್ಲಿ? ನಾವು ಗಮನಿಸಿದಂತೆ, ಎಡಗೈಯಲ್ಲಿ. ಹಾರ್ಮೋನಿಯಂ ನುಡಿಸುವವರ ಎಡಗೈ ತಿದಿ ಒತ್ತುವುದರಲ್ಲೇ ತೊಡಗಿರುತ್ತದೆ. ಸ್ವರಗಳೆಲ್ಲ ಬಲಗೈಯ ಪಾಲು. ಪಿಯಾನೋವಿನಲ್ಲಿ ತಿದಿಯಿಲ್ಲ. ಎಡಗೈಗೂ ಸ್ವರದ ಕೆಲಸವಿದೆ, ಅದೂ ಬಲಗೈಗಿಂತ ಬೇರೆಯಾದ ಕೆಲಸ. ಬಲಗೈ ರಾಗವನ್ನು ನಡೆಸುತ್ತಿದ್ದರೆ ಎಡಗೈ ತಳದ ಸ್ವರಗಳನ್ನು ಹಿಡಿದು ನಿಲ್ಲಬೇಕು. ಮಗು ಮೊದಲ ತಿಂಗಳಲ್ಲಿ ಬಲಗೈಯಿಂದ ಒಂದು ಸಿನಿಮಾ ಹಾಡನ್ನು ನುಡಿಸಲು ಕಲಿಯುತ್ತದೆ. ಮನೆಯವರು ಮೆಚ್ಚುತ್ತಾರೆ. ಆಮೇಲೆ ಎಡಗೈಯನ್ನು ಸೇರಿಸು ಎಂದಾಗ ಎರಡೂ ಕೈ ತಡವರಿಸುತ್ತವೆ. ಬಂದಿದ್ದ ಹಾಡೂ ಹೋಯಿತು ಎನಿಸುತ್ತದೆ. ವಾದ್ಯ ಬೀರುವಿನ ಮೇಲೇರುವುದು ಆ ದಿನವೇ.

ಇದಕ್ಕೆ ಮದ್ದು ಹಿಂದಿನ ದೊಡ್ಡವರಿಗೆ ಗೊತ್ತಿತ್ತು. ಜರ್ಮನಿಯ ಮಹಾ ಸಂಗೀತಗಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ತನ್ನ ಮಗನಿಗೂ ಶಿಷ್ಯರಿಗೂ ಪಾಠಕ್ಕೆಂದು ಬರೆದು 1723ರಲ್ಲಿ ಅಂದವಾಗಿ ಪ್ರತಿಮಾಡಿದ ಹದಿನೈದು ಪುಟ್ಟ ಕೃತಿಗಳಿವೆ. ಅವುಗಳಲ್ಲಿ ಎಡಗೈ ಬಲಗೈಯ ಆಳಲ್ಲ. ಬಲಗೈ ಹೇಳಿದ ಮಾತನ್ನು ಎಡಗೈ ತಿರುಗಿ ಹೇಳುತ್ತದೆ. ಒಮ್ಮೊಮ್ಮೆ ಅದೇ ಮುಂದೆ ನಡೆಯುತ್ತದೆ. ಹಂಗೇರಿಯ ಬೇಲಾ ಬಾರ್ತೋಕ್ 1926ರಿಂದ 1939ರವರೆಗೆ ರಚಿಸಿದ 'ಮಿಕ್ರೊಕಾಸ್ಮೋಸ್' ಎಂಬ 153 ಪಾಠಗಳ ಮಾಲೆಯಲ್ಲಿ ಮೊಟ್ಟಮೊದಲ ಪಾಠದಿಂದಲೇ ಎರಡೂ ಕೈಗೆ ಕೆಲಸವಿದೆ: ಎರಡೂ ಒಂದೇ ರಾಗವನ್ನು ಜೊತೆಯಾಗಿ ನುಡಿಸುತ್ತವೆ. ಎಡಗೈಯ ಶಕ್ತಿ ಎಷ್ಟೆಂಬುದಕ್ಕೆ ಮತ್ತೊಂದು ನಿದರ್ಶನ ಹೇಳಬಹುದು. ಮೊದಲನೆಯ ಮಹಾಯುದ್ಧದಲ್ಲಿ ಬಲತೋಳನ್ನು ಕಳೆದುಕೊಂಡ ಪಾಲ್ ವಿಟ್ಗೆನ್‌ಸ್ಟೈನ್ ಎಂಬ ಪಿಯಾನೋವಾದಕ ಕೈಚೆಲ್ಲಿ ಕೂರಲಿಲ್ಲ. ಅವನಿಗಾಗಿ ಫ್ರಾನ್ಸಿನ ಮೊರೀಸ್ ರಾವೆಲ್ ಎಡಗೈಯೊಂದರಿಂದಲೇ ನುಡಿಸುವ ಕನ್ಚೆರ್ಟೊವನ್ನು ರಚಿಸಿದ. 1932ರಲ್ಲಿ ವಿಟ್ಗೆನ್‌ಸ್ಟೈನ್ ಅದನ್ನು ವಿಯೆನ್ನಾದಲ್ಲಿ ನುಡಿಸಿದ.

ನಮ್ಮ ಸಂಗೀತದ ಮೊದಲ ಪಾಠದಲ್ಲೂ ಇದಕ್ಕೆ ಹೊಂದುವ ಸೊಗಸಾದ ಸಾಧನವಿದೆ. ಸರಳೆ ವರಿಸೆಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಕಲಿಸುವ ಕ್ರಮ ಪುರಂದರದಾಸರಿಂದ ಬಂದದ್ದೆಂದು ಪ್ರತೀತಿ. ಕೀಬೋರ್ಡಿನಲ್ಲಿ ಬಿಳಿ ಒಂದನ್ನು ಷಡ್ಜವೆಂದು ಹಿಡಿದು ಈ ರಾಗವನ್ನು ನುಡಿಸಿ ನೋಡಿರಿ. ಸ-ರಿ-ಗ-ಮ: ಬಿಳಿ, ಕರಿ, ಬಿಳಿ, ಬಿಳಿ. ಪ-ದ-ನಿ-ಸ: ಮತ್ತೆ ಬಿಳಿ, ಕರಿ, ಬಿಳಿ, ಬಿಳಿ. ಎರಡು ಅರ್ಧಗಳೂ ಒಂದೇ ಅಚ್ಚು. ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳು; ಮತ್ತೆ ಪಂಚಮಕ್ಕೆ ಹೆಬ್ಬೆರಳನ್ನು ಒಳಗಿನಿಂದ ತಂದು ಅದೇ ಕ್ರಮ. ಎಡಗೈಯಲ್ಲಿ ಉಂಗುರಬೆರಳಿನಿಂದ ಹೊರಟು ಹೆಬ್ಬೆರಳಿಗೆ ಬರಬೇಕು. ಸ್ವರ ಅದೇ, ಬೆರಳಿನ ಕ್ರಮ ಮಾತ್ರ ತಿರುಗುಮುರುಗು. ಎಡಗೈ ಮೊದಲು ತಬ್ಬಿಬ್ಬಾಗುವುದು ಈ ಕಾರಣಕ್ಕೆ. ಅದು ದಡ್ಡ ಎಂಬ ಕಾರಣಕ್ಕಲ್ಲ. ಆದ್ದರಿಂದ ಬಲಗೈಗೆ ಹತ್ತು ಸಲವಾದರೆ ಎಡಗೈಗೆ ಇಪ್ಪತ್ತು ಸಲ ಪಾಠವಾಗಲಿ. ಎರಡೂ ಬೇರೆ ಬೇರೆಯಾಗಿ ತಪ್ಪಿಲ್ಲದೆ ನಡೆದ ಮೇಲೆ ಜೊತೆಗೂಡಿಸಬೇಕು. ಜೊತೆಗೂಡಿಸುವಾಗ ವೇಗವನ್ನು ಅರ್ಧಕ್ಕೆ ಇಳಿಸಬೇಕು.

ವೇಗದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. 2019ರಲ್ಲಿ ಚೆನ್ನೈನ ಹದಿಮೂರು ವರ್ಷದ ಬಾಲಕ ಲಿಡಿಯನ್ ನಾದಸ್ವರಂ ಅಮೆರಿಕದ ದೂರದರ್ಶನ ಸ್ಪರ್ಧೆಯೊಂದರಲ್ಲಿ ಪಿಯಾನೋವನ್ನು ಮಿಂಚಿನ ವೇಗದಲ್ಲಿ ನುಡಿಸಿ ಗೆದ್ದ. ನಮ್ಮ ಮಕ್ಕಳು ಮೊಬೈಲಿನಲ್ಲಿ ಅದನ್ನು ನೋಡಿದ್ದಾರೆ, ಹೆಮ್ಮೆಪಟ್ಟಿದ್ದಾರೆ. ಆದರೆ ಮೊಬೈಲಿನಲ್ಲಿ ಕಾಣುವುದು ಫಲ; ಬೇರು ಕಾಣುವುದಿಲ್ಲ. ನಮ್ಮ ಸಂಗೀತ ಗುರುಗಳು ಸರಳೆಯನ್ನು ಮೂರು ಕಾಲಗಳಲ್ಲಿ ಹಾಡಿಸುತ್ತಾರೆ. ಒಂದನೆಯ ಕಾಲ ಗಟ್ಟಿಯಾಗದೆ ಎರಡನೆಯ ಕಾಲಕ್ಕೆ ಬಿಡುವುದಿಲ್ಲ. ಇದರಲ್ಲಿ ದೊಡ್ಡ ತತ್ತ್ವವಿದೆ. ಬೆರಳು ತಪ್ಪನ್ನೂ ಕಲಿಯುತ್ತದೆ, ಸರಿಯನ್ನೂ ಕಲಿಯುತ್ತದೆ. ಯಾವುದನ್ನು ಹೆಚ್ಚು ಸಲ ಮಾಡಿತೋ ಅದನ್ನೇ ಉಳಿಸಿಕೊಳ್ಳುತ್ತದೆ. ಅವಸರದಲ್ಲಿ ಹತ್ತು ಸಲ ತಪ್ಪಾಗಿ ನುಡಿಸಿದ ಮಗು ಹತ್ತು ಸಲ ತಪ್ಪನ್ನೇ ಅಭ್ಯಾಸ ಮಾಡಿದಂತಾಯಿತು.

ಎರಡನೆಯ ಮಾತು, ನಿತ್ಯಾಭ್ಯಾಸ. ವಾರವೆಲ್ಲ ಬಿಟ್ಟು ಭಾನುವಾರ ಎರಡು ಗಂಟೆ ಕುಳಿತರೆ ಬೆನ್ನು ನೋಯುತ್ತದೆಯೇ ಹೊರತು ವಿದ್ಯೆ ಹತ್ತುವುದಿಲ್ಲ. ದಿನಕ್ಕೆ ಹದಿನೈದು ನಿಮಿಷವಾದರೂ ಸಾಕು, ಆದರೆ ಪ್ರತಿದಿನವೂ ಬೇಕು. ಬಿಡುವು ಕೊಟ್ಟು ಮರಳಿ ಮರಳಿ ಕಲಿತದ್ದು ಒಂದೇ ಬಾರಿಗೆ ತುರುಕಿದ್ದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ ಎಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿಯೇ ಪ್ರಯೋಗದಿಂದ ತೋರಿಸಿದ. ನಮ್ಮ ಹಿರಿಯರು ಇದನ್ನೇ 'ಹನಿ ಹನಿ ಕೂಡಿದರೆ ಹಳ್ಳ' ಎಂದರು; 'ಹಾಡುತ್ತ ಹಾಡುತ್ತ ರಾಗ' ಎಂದರು.

ಮೂರನೆಯದು, ತಪ್ಪನ್ನು ತಿದ್ದುವ ಬಗೆ. ತರಗತಿಯಲ್ಲಿ ಕಂಠಪಾಠದ ಪದ್ಯ ಒಪ್ಪಿಸುವಾಗ ಮೊದಲ ಎರಡು ಸಾಲು ಗಟ್ಟಿಯಾಗಿ, ಕೊನೆಯ ಸಾಲು ಗೊಣಗಾಗಿ ಬರುವುದನ್ನು ನಾವು ದಿನವೂ ಕೇಳುತ್ತೇವೆ. ಕಾರಣವಿಷ್ಟೆ: ಎಡವಿದಾಗಲೆಲ್ಲ ಮಗು ಮೊದಲಿನಿಂದ ಶುರುಮಾಡುತ್ತದೆ. ಮೊದಲ ಸಾಲಿಗೆ ಮೂವತ್ತು ಸಲ ಅಭ್ಯಾಸವಾದರೆ ಕೊನೆಯ ಸಾಲಿಗೆ ಮೂರೇ ಸಲ. ವಾದ್ಯದಲ್ಲೂ ಹೀಗೆಯೇ. ಎಡವಿದ ಜಾಗದಲ್ಲೇ ನಿಂತು, ಹಿಂದಿನ ಎರಡು ಸ್ವರ, ಮುಂದಿನ ಎರಡು ಸ್ವರಗಳನ್ನು ಸೇರಿಸಿಕೊಂಡು ಆ ತುಂಡನ್ನು ಮಾತ್ರ ನಿಧಾನವಾಗಿ ತಿದ್ದಬೇಕು. ಕಾಲಿಗೆ ಮುಳ್ಳು ಚುಚ್ಚಿದರೆ ಮುಳ್ಳನ್ನು ತೆಗೆಯಬೇಕು. ಮನೆಗೆ ಹಿಂತಿರುಗಿ ಮತ್ತೆ ಹೊರಟರೆ ಮುಳ್ಳು ಹೋದೀತೆ?

ನಾಲ್ಕನೆಯದು ಲಯ. ಇದರಲ್ಲಿ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಒಂದು ಅನುಕೂಲವಿದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಪ್ರಸ್ತಾರ ಹಾಕಲು ಬಲ್ಲ ಹುಡುಗನಿಗೆ ಪಾಶ್ಚಾತ್ಯ ಸ್ವರಲಿಪಿಯ ಗಿಡ್ಡ ಸ್ವರ, ಉದ್ದ ಸ್ವರಗಳ ಲೆಕ್ಕ ಅರ್ಧ ತಿಳಿದಂತೆಯೇ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು ನಡೆಯುವ ಮಾತ್ರೆಗಳನ್ನು ಕೈತಟ್ಟಿ ಎಣಿಸಿದವರು ಏಳು ಎಣಿಕೆಯ ತಾಳಕ್ಕೆ ಹೆದರಬೇಕಿಲ್ಲ. ಮೊದಲು ಬಾಯಲ್ಲಿ ಎಣಿಸಿ, ಬಳಿಕ ಕೈತಟ್ಟಿ, ಕೊನೆಗೆ ಮನೆಗಳ ಮೇಲೆ ಬೆರಳಿಡಿ. ವ್ಯಾಕರಣದ ಪಾಠ ಎಲ್ಲಿಗೆ ಉಪಯೋಗವೆಂದು ಕೇಳುವ ವಿದ್ಯಾರ್ಥಿಗಳಿಗೆ ಇದೊಂದು ಉತ್ತರ.

ವಾದ್ಯ ಚೆನ್ನಾಗಿಲ್ಲ ಎಂಬುದು ಕೆಲವರ ನೆಪ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆರಂಭಕ್ಕೆ ನಮ್ಮ ಪ್ರಾರ್ಥನೆಯ ಹಾರ್ಮೋನಿಯಂ ಸಾಕು. ತಿದಿಯನ್ನು ಸ್ನೇಹಿತನೊಬ್ಬ ಒತ್ತಿದರೆ ಎಡಗೈಗೂ ಬಿಡುವು ಸಿಗುತ್ತದೆ, ಇಬ್ಬರಿಗೂ ಪಾಠವಾಗುತ್ತದೆ. ಕೊಂಡುಕೊಳ್ಳುವ ಶಕ್ತಿಯಿರುವ ಪೋಷಕರು ಬಣ್ಣದ ದೀಪಗಳನ್ನು, ನೂರಾರು ಬಗೆಯ ಸದ್ದುಗಳನ್ನು ನೋಡಿ ಮರುಳಾಗದೆ, ಬೆರಳಿನ ಒತ್ತಡಕ್ಕೆ ತಕ್ಕಂತೆ ಮೆಲುವಾಗಿಯೂ ಬಿರುಸಾಗಿಯೂ ನುಡಿಯುವ ಕೀಬೋರ್ಡನ್ನೇ ಆರಿಸಲಿ. ಪಿಯಾನೋವಿನ ಜೀವ ಇರುವುದು ಆ ಗುಣದಲ್ಲಿ. ಮೊಬೈಲಿನ ಗಾಜಿನ ಮೇಲೆ ಬೆರಳು ಆಡಿಸುವುದು ಆಟಕ್ಕೆ ಸರಿ. ಬೆರಳಿಗೆ ಅದರಿಂದ ಬಲವೂ ಬಾರದು, ಮೃದುತ್ವವೂ ಬಾರದು.

ಪೋಷಕರಿಗೆ ನಮ್ಮ ವಿನಂತಿ ಮೂರು. ಮೊದಲನೆಯದು, ಮಗು ನುಡಿಸುವಾಗ ಐದು ನಿಮಿಷ ಪಕ್ಕದಲ್ಲಿ ಕುಳಿತು ಕೇಳಿರಿ. ನಿಮಗೆ ಸಂಗೀತ ತಿಳಿಯಬೇಕಾಗಿಲ್ಲ. ಹೊಲದಿಂದ ದಣಿದು ಬಂದ ತಂದೆ, ಕಾರ್ಖಾನೆಯ ಪಾಳಿ ಮುಗಿಸಿ ಬಂದ ತಾಯಿ ಕೇಳುತ್ತಿದ್ದಾರೆ ಎಂಬುದೇ ಮಗುವಿಗೆ ದೊಡ್ಡ ಬಹುಮಾನ. ಎರಡನೆಯದು, ನೆಂಟರಿಷ್ಟರು ಬಂದಾಗಲೆಲ್ಲ ಮಗುವನ್ನು ಕರೆದು ನುಡಿಸೆಂದು ಬಲವಂತ ಮಾಡಬೇಡಿ. ಅರೆಬೆಂದ ಅನ್ನವನ್ನು ಯಾರೂ ಬಡಿಸುವುದಿಲ್ಲ. ಮೂರನೆಯದು, ಒಂಬತ್ತನೆಯ ತರಗತಿ ಬಂದ ಕೂಡಲೇ "ಇನ್ನು ಪಾಟು ಗೀಟು ಸಾಕು, ಓದು" ಎಂದು ವಾದ್ಯವನ್ನು ಕಟ್ಟಿಡಬೇಡಿ. ದಿನದ ಹದಿನೈದು ನಿಮಿಷ ಯಾರ ಅಂಕವನ್ನೂ ಕಸಿಯುವುದಿಲ್ಲ. ತನ್ನ ತಪ್ಪನ್ನು ತಾನೇ ಕೇಳಿಸಿಕೊಂಡು, ಬೇಸರಿಸದೆ ತಿದ್ದಿಕೊಳ್ಳುವ ಗುಣವನ್ನು ಅದು ಕಲಿಸುತ್ತದೆ. ಗಣಿತಕ್ಕೂ ಆ ಗುಣ ಬೇಕು, ಬದುಕಿಗೂ ಬೇಕು.

ಇನ್ನು, ಕೊನೆಗೆ ಹೇಳುತ್ತೇವೆಂದ ಮಾತು. ಗಡಿಯ ಈಚೆ ಬಾಳುವ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡಿಕೊಂಡು ಬೆಳೆಯುತ್ತಾರೆ. ಇಂಗ್ಲಿಷು ಮೂರನೆಯದಾಗಿ ಬಂದು ಸೇರುತ್ತದೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ತಮಿಳಿನ ಪಾಠವೂ ನಮ್ಮ ಶಾಲೆಗಳಲ್ಲಿ ಹೆಚ್ಚಿನ ಸ್ಥಾನ ಪಡೆದಿದೆ. ಅದು ಬೇಕಾದದ್ದೇ. ಈ ನಾಡಿನ ಅನ್ನ ಉಣ್ಣುವವರು ಈ ನಾಡಿನ ಭಾಷೆಯನ್ನು ಚೆನ್ನಾಗಿ ಬಲ್ಲವರಾಗಿರಬೇಕು. ಎರಡು ಭಾಷೆಗಳಲ್ಲಿ ಓದಿ ಬೆಳೆದ ನಮಗೆ ಇದರಲ್ಲಿ ಸಂದೇಹವಿಲ್ಲ. ಆದರೆ ಕೆಲವು ಪೋಷಕರು, "ಕನ್ನಡ ಬಿಟ್ಟರೆ ತಮಿಳೂ ಇಂಗ್ಲಿಷೂ ಚೆನ್ನಾಗಿ ಬರಬಹುದಲ್ಲವೇ?" ಎಂದು ಕೇಳಿ, ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುವ ಯೋಚನೆಯಲ್ಲಿದ್ದಾರೆ. ಅವರಿಗೆ ನಮ್ಮ ಉತ್ತರ ಪಿಯಾನೋವಿನಲ್ಲಿದೆ. ಎಡಗೈಯನ್ನು ಕಟ್ಟಿಹಾಕಿದ ಮಾತ್ರಕ್ಕೆ ಬಲಗೈ ಜಾಣವಾಗುವುದಿಲ್ಲ. ರಾಗ ನಡೆಸುವ ಕೈ ಯಾವುದೇ ಇರಲಿ, ತಳದ ಸ್ವರ ಹಿಡಿಯುವ ಕೈ ಇಲ್ಲದೆ ನಾದ ತುಂಬುವುದಿಲ್ಲ. ತಾಯಿಯ ಮಾತು ನಮ್ಮ ಮಕ್ಕಳಿಗೆ ಆ ತಳದ ಸ್ವರ. ಎರಡನ್ನೂ ಬೇರೆ ಬೇರೆಯಾಗಿ, ನಿಧಾನವಾಗಿ, ದಿನವೂ ಕಲಿಸಿದರೆ ಎರಡೂ ತಾವಾಗಿಯೇ ಜೊತೆಗೂಡುತ್ತವೆ. ಮೊದಮೊದಲು ಮಗು ತಡವರಿಸೀತು. ಕನ್ನಡದ ನಡುವೆ ತಮಿಳಿನ ಪದ ಬಂದೀತು, ತಮಿಳಿನ ವಾಕ್ಯದಲ್ಲಿ ಕನ್ನಡದ ಧಾಟಿ ಕೇಳೀತು. ಎರಡು ಕೈ ಸೇರುವಾಗಿನ ತಡವರಿಕೆ ಅದು, ರೋಗವಲ್ಲ. ಆ ಹೊತ್ತಿನಲ್ಲಿ ಕೈಬಿಡಬಾರದು.

ಶಾಲೆಯ ವತಿಯಿಂದ ಆಗಬೇಕಾದ್ದೂ ಉಂಟು. ಪ್ರಾರ್ಥನೆ ಮುಗಿದೊಡನೆ ಬೀಗದೊಳಗೆ ಸೇರುವ ಹಾರ್ಮೋನಿಯಂ ವಾರದಲ್ಲಿ ಎರಡು ಸಂಜೆಯಾದರೂ ಮಕ್ಕಳ ಕೈಗೆ ಸಿಗುವಂತಾಗಬೇಕು. ನಾಟಕ ಕಲಿಸಿದ ಹಿರಿಯ ಹಾರ್ಮೋನಿಯಂ ಮೇಷ್ಟ್ರುಗಳು ನಮ್ಮ ಸುತ್ತಲ ಊರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಗೌರವದಿಂದ ಕರೆತಂದು ಕೂರಿಸಿದರೆ ಮಕ್ಕಳಿಗೆ ವಿದ್ಯೆ, ಅವರಿಗೆ ಮರ್ಯಾದೆ, ಎರಡೂ ದೊರೆಯುತ್ತವೆ. ಪೋಷಕರ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚಿಸೋಣ. ಅಲ್ಲಿಯವರೆಗೆ, ಮನೆಯಲ್ಲಿ ಬೀರುವಿನ ಮೇಲೆ ವಾದ್ಯವೊಂದಿದ್ದರೆ ಅದನ್ನು ಕೆಳಗಿಳಿಸಿ, ಧೂಳೊರೆಸಿ. ವಿದ್ಯಾರ್ಥಿಗಳೇ, ನಾಳೆಯ ಪಾಠವನ್ನು ಎಡಗೈಯಿಂದ ಶುರುಮಾಡಿರಿ.